ಸಂಸಾರದ ಸುತ್ತಳತೆ

ನನ್ನ ಹೊಟ್ಟೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೂರು ಪಕ್ಷಗಳಿವೆ. ಅಮ್ಮನದು ಆಡಳಿತ ಪಕ್ಷ. "ಗಂಡಸು ಅಂದ್ಮೇಲೆ ಒಂಚೂರು ಹೊಟ್ಟೆ ಇರಬೇಕು ಕಣೋ. ಇಲ್ದಿದ್ರೆ ಮನೇಲಿ ಅನ್ನಕ್ಕೆ ಗತಿಯಿಲ್ಲ ಅಂದ್ಕೋತಾರೆ" ಎಂಬುದು ಅವರ ಪ್ರಣಾಳಿಕೆ. ವಿರೋಧ ಪಕ್ಷದ ನಾಯಕಿ ನನ್ನ ಹೆಂಡತಿ. ನಾನು ಬನಿಯನ್ನಿನಲ್ಲಿ ಹಜಾರಕ್ಕೆ ಬಂದರೆ ಸಾಕು, "ಸೀಮಂತಕ್ಕೆ ಯಾವ ದಿನ ಗೊತ್ತು ಮಾಡೋಣ ರೀ?" ಎಂದು ಪಂಚಾಂಗ ಹುಡುಕುತ್ತಾಳೆ. ಮೂರನೆಯ ಪಕ್ಷದಲ್ಲಿರುವವನು ನಾನೊಬ್ಬನೇ. ನನ್ನ ನಿಲುವು ಸ್ಪಷ್ಟ: ನನಗೆ ಹೊಟ್ಟೆಯೇ ಇಲ್ಲ. ಇರುವುದು ಗ್ಯಾಸು.

ಇದು ಬರೀ ಬಾಯಿಮಾತಲ್ಲ, ದಾಖಲೆಯುಳ್ಳ ಮಾತು. ನನ್ನ ಎತ್ತರ 170 ಸೆಂಟಿಮೀಟರ್, ತೂಕ 66 ಕಿಲೋ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. ನನಗೆ ಬರುವುದು 22.8. ಭಾರತೀಯರಿಗೆ ನಮ್ಮ ವೈದ್ಯರು ಎಳೆದಿರುವ ಗೆರೆ 23. ಅದನ್ನು ಮುಟ್ಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು. ನಾನು ಗೆರೆಯಿಂದ ಈಚೆಗೇ ಇದ್ದೇನೆ, ಸ್ವಲ್ಪವೇ ಈಚೆಗಾದರೂ ಈಚೆಗೇ. ಸಹಕಾರಿ ಬ್ಯಾಂಕಿನಲ್ಲಿ ಕೂತು ತಲೆ ನರೆಸಿಕೊಂಡವನು ನಾನು. ಲೆಕ್ಕ ತಾಳೆಯಾದ ಮೇಲೆ ಯಾರೂ ತಕರಾರು ತೆಗೆಯಬಾರದು ಎಂಬುದು ನನ್ನ ಧರ್ಮ.

ಈ ಸೂತ್ರದ ಮೂಲಪುರುಷ ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಆತ ವೈದ್ಯನಲ್ಲ, ಖಗೋಳಶಾಸ್ತ್ರಜ್ಞ. ನಕ್ಷತ್ರಗಳ ಲೆಕ್ಕ ಮುಗಿಸಿ ಉಳಿದ ಹೊತ್ತಿನಲ್ಲಿ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂದು ಹುಡುಕುತ್ತಿದ್ದ. 1830ರ ದಶಕದಲ್ಲಿ, ದೊಡ್ಡವರ ತೂಕ ಎತ್ತರದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ ಎಂದು ಕಂಡುಕೊಂಡ. ಯಾರ ಬೊಜ್ಜನ್ನೂ ಹಿಡಿಯುವ ಉದ್ದೇಶ ಆ ಪುಣ್ಯಾತ್ಮನಿಗೆ ಇರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ 'ಬಾಡಿ ಮಾಸ್ ಇಂಡೆಕ್ಸ್' ಎಂದು ನಾಮಕರಣ ಮಾಡಿ ಆಸ್ಪತ್ರೆಯ ಗೋಡೆಗೇರಲು ದಾರಿ ಮಾಡಿಕೊಟ್ಟರು. ಇದು ತಿಳಿದ ಮೇಲೆ ನನಗೆ ಬಿಎಂಐ ಮೇಲೆ ಭಕ್ತಿ ಹೆಚ್ಚಾಯಿತು. ಆಕಾಶ ನೋಡುವವರು ಕೊಟ್ಟ ಸರ್ಟಿಫಿಕೇಟನ್ನು ನಮ್ಮಮ್ಮನೂ ಅಲ್ಲಗಳೆಯುವಂತಿಲ್ಲ.

ಎರಡನೆಯ ಸಾಕ್ಷಿ ನನ್ನ ಪ್ಯಾಂಟು. ಮೂವತ್ತನೇ ವಯಸ್ಸಿನಲ್ಲಿ ಸೊಂಟ 34 ಇಂಚು; ಐವತ್ತೆರಡರಲ್ಲೂ 34. ನನ್ನ ಬದುಕಿನಲ್ಲಿ ಇಷ್ಟು ಸ್ಥಿರವಾದ ಸಂಖ್ಯೆ ಬೇರೊಂದಿಲ್ಲ, ಸಂಬಳವನ್ನು ಬಿಟ್ಟರೆ. ಇದರ ಗುಟ್ಟು ಗೊತ್ತಿರುವುದು ಅಗ್ರಹಾರದ ನಮ್ಮ ಟೈಲರಿಗೆ. ಒಂದು ಕಾಲದಲ್ಲಿ ಹೊಕ್ಕುಳ ಮಟ್ಟಕ್ಕೆ ನಿಲ್ಲುತ್ತಿದ್ದ ಪ್ಯಾಂಟು, ಹೊಟ್ಟೆ ಮುಂದೆ ಬಂದ ಹಾಗೆಲ್ಲ ದಾರಿ ಬಿಟ್ಟುಕೊಡುತ್ತ ಕೆಳಗಿಳಿದು, ಈಗ ಹೊಟ್ಟೆಯ ಬುಡದಲ್ಲಿ ಬಿಡಾರ ಹೂಡಿದೆ. ಅಲ್ಲಿ ಅಳೆದರೆ ಇಂದಿಗೂ 34 ಇಂಚೇ. ಉಡಿದಾರವೂ ಪ್ಯಾಂಟಿನ ಹಿಂದೆಯೇ ಹೋಗಿ ಅಲ್ಲೇ ನೆಲೆಸಿದೆ. ಹಾಗಾಗಿ ಪ್ಯಾಂಟಿನ ನಂಬರನ್ನು ಸೊಂಟದ ಸುತ್ತಳತೆ ಎಂದು ಬರೆಸುವ ಗಂಡಸರೆಲ್ಲ ಕೋರ್ಟಿನಲ್ಲಿ ಸುಳ್ಳು ಹೇಳದೆ ನಿಜವನ್ನೂ ಮುಚ್ಚಿಡುವ ಜಾಣರು.

ಟೈಲರು ಮಾತ್ರ ಜಾಣತನಕ್ಕೆ ಮರುಳಾಗುವವನಲ್ಲ. ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ಬರೆದುಕೊಳ್ಳುತ್ತ, "ಹಿಂದ್ಗಡೆ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟಿರ್ತೀನಿ ಸಾರ್" ಎಂದ ಮೊನ್ನೆ.

"ಯಾಕಪ್ಪಾ?"

"ಇರ್ಲಿ ಬಿಡಿ ಸಾರ್."

ರಕ್ತ ತೆಗೆಯದೆ, ಬಿಪಿ ನೋಡದೆ, ನನ್ನ ಮುಂದಿನ ಐದು ವರ್ಷವನ್ನು ಆತ ಹೊಲಿಗೆಯ ಒಳಗೆ ಮಡಚಿಟ್ಟಿದ್ದ.

ಹೀಗೆ ಮೂರೂ ಪಕ್ಷಗಳು ತಂತಮ್ಮ ಪಾಡಿಗೆ ಇರುವಾಗ, ಎಂಬಿಬಿಎಸ್ ಓದುವ ಮಗಳು ರಜೆಗೆ ಬಂದಳು. ಮಕ್ಕಳು ಮೆಡಿಕಲ್ ಓದಿದರೆ ಮುಪ್ಪಿನಲ್ಲಿ ಆಸರೆ ಎನ್ನುತ್ತಾರೆ. ಮೊದಲ ಕೆಲವು ವರ್ಷ ಅವರಿಗೆ ರೋಗಿಗಳು ಸಿಗುವುದಿಲ್ಲ, ಅಪ್ಪ ಅಮ್ಮ ಸಿಗುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕಾಲೇಜಿನಿಂದ ಹಳ್ಳಿಗಳಿಗೆ ಸರ್ವೆಗೆ ಹೋಗಿದ್ದಾಗ ಬಳಸಿದ ಟೇಪು ಅವಳ ಬ್ಯಾಗಿನಲ್ಲಿತ್ತು.

"ಅಪ್ಪ, ಬನಿಯನ್ ಮೇಲೆತ್ತಿ."

ನಾನು ಪ್ಯಾಂಟಿನ ನಂಬರು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಪಕ್ಕೆಯಲ್ಲಿ ಬೆರಳಾಡಿಸಿ ಕೊನೆಯ ಪಕ್ಕೆಲುಬಿನ ಕೆಳಗಂಚು ಹುಡುಕಿ ಬಾಲ್‌ಪೆನ್ನಿನಲ್ಲಿ ಒಂದು ಚುಕ್ಕಿ ಇಟ್ಟಳು. ಸೊಂಟದ ಮೂಳೆಯ ಮೇಲಂಚು ಹುಡುಕಿ ಇನ್ನೊಂದು ಚುಕ್ಕಿ. ಎರಡನೆಯದು ಸಿಗುವುದು ತಡವಾಯಿತು. ಹತ್ತು ಹದಿನೈದು ವರ್ಷದಿಂದ ಅದನ್ನು ಹೊರಗಿನವರು ಯಾರೂ ಮುಟ್ಟಿ ನೋಡಿರಲಿಲ್ಲ. ಎರಡೂ ಚುಕ್ಕಿಗಳ ನಟ್ಟನಡುವೆ ಟೇಪು ಸುತ್ತಿದಳು. ಪಾದ ಜೋಡಿಸಿ ನಿಲ್ಲಬೇಕು, ಟೇಪು ಸುತ್ತಲೂ ನೆಲಕ್ಕೆ ಸಮನಾಗಿರಬೇಕು, ಚರ್ಮಕ್ಕೆ ತಾಗಬೇಕು, ಒಳಗೆ ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಕ್ರಮವಂತೆ.

ಉಸಿರು ಬಿಡುವ ಭಾಗದಲ್ಲಿ ನಾನು ಸಹಕರಿಸಲಿಲ್ಲ. ಎದೆ ಉಬ್ಬಿಸಿ, ಹೊಟ್ಟೆ ಎಳೆದುಕೊಂಡು, ಗೋಡೆಯ ಗಡಿಯಾರ ನೋಡುತ್ತ ನಿಂತೆ. ಮಗಳು ಅವಸರ ಮಾಡಲಿಲ್ಲ. ಟೇಪು ಹಿಡಿದುಕೊಂಡೇ ಬಹಳ ಅಕ್ಕರೆಯಿಂದ, "ಅಪ್ಪ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದ್ಮೇಲೆ ಎಲ್ಲಿ ಹೋಗಿದ್ರಿ?" ಎಂದು ಕೇಳಿದಳು.

"ಮಸಾಲೆ ದೋ..." ಎನ್ನುವಷ್ಟರಲ್ಲಿ ಉಸಿರು ಹೊರಗೆ ಹೋಯಿತು, ಹೊಟ್ಟೆ ಹೊರಗೆ ಬಂತು.

"ತೊಂಬತ್ತಾರು" ಎಂದು ಮಗಳು ಓದಿದಳು. ನಮ್ಮ ಕಡೆಯ ಗಂಡಸರಿಗೆ ಗಡಿ 90, ಹೆಂಗಸರಿಗೆ 80. ಎತ್ತರದ ಅರ್ಧ ಮೀರಬಾರದು ಎಂಬ ಇನ್ನೊಂದು ಲೆಕ್ಕದಲ್ಲಿ ನನ್ನ ಸೊಂಟ 85ರೊಳಗೆ ಇರಬೇಕಿತ್ತು. ಹನ್ನೊಂದು ಸೆಂಟಿಮೀಟರ್ ಓವರ್‌ಡ್ರಾಫ್ಟು.

"ನೋಡಿದ್ರಾ ಅತ್ತೆ?" ಎಂದಳು ವಿರೋಧ ಪಕ್ಷದ ನಾಯಕಿ. ಆ ಖುಷಿ ಹೆಚ್ಚು ಹೊತ್ತು ಬಾಳಲಿಲ್ಲ. ಟೇಪು ಅವಳ ಕಡೆ ತಿರುಗಿತು.

ಹೆಂಗಸರ ಸೊಂಟದ ನಿಜ ಹೇಳುವ ವಸ್ತು ನಮ್ಮ ಮನೆಯಲ್ಲಿ ಮೊದಲಿನಿಂದ ಇತ್ತು: ಬೀರುವಿನಲ್ಲಿರುವ ಮದುವೆಯ ಡಾಬು. ಸೀರೆಗೆ ನಂಬರಿಲ್ಲ, ಎಷ್ಟು ಬೇಕಾದರೂ ಸುತ್ತಿಕೊಳ್ಳುತ್ತದೆ. ಡಾಬು ಹಾಗಲ್ಲ, ಉಡಿದಾರದ ಥರ ಜಾರಿಕೊಂಡು ತಪ್ಪಿಸಿಕೊಳ್ಳುವುದಿಲ್ಲ. ಸೊಂಟದಲ್ಲೇ ನಿಂತು, ಕೊಂಡಿ ಸೇರಿದರೆ ಸೇರಿತು, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ನಮ್ಮ ನಾದಿನಿಯ ಮಗಳ ಮದುವೆಯಲ್ಲಿ ಕೊಂಡಿಗಳ ನಡುವೆ ನಾಲ್ಕು ಬೆರಳು ಅಂತರ ಬಿತ್ತು. "ಲಾಕರಿನಲ್ಲಿ ಇಟ್ಟೂ ಇಟ್ಟೂ ಕುಗ್ಗಿಹೋಗಿದೆ" ಎಂದಳು ನನ್ನ ಹೆಂಡತಿ. ಬೆಳ್ಳಿ ಹಾಗೆ ಕುಗ್ಗುವುದಿಲ್ಲ ಎಂದು ಹೇಳುವ ಧೈರ್ಯ ಮಂಟಪದಲ್ಲಿದ್ದ ಯಾವ ಗಂಡಸಿಗೂ ಇರಲಿಲ್ಲ. ಕೊನೆಗೆ ಎರಡು ಪಿನ್ನು, ಒಂದು ಗೇಣು ಕೆಂಪು ದಾರ ಸೇರಿ ಮಾನ ಉಳಿಸಿದವು. ಮೇಲೆ ಸೆರಗು ಬಂತು.

ಟೇಪಿಗೆ ಸೆರಗಿಲ್ಲ. ಸೊಂಟ 86. ಎತ್ತರ 156, ತೂಕ 64. ಬಿಎಂಐ 26 ದಾಟಿತು. ನನ್ನ ಮುಖದಲ್ಲಿ ಸಣ್ಣ ಮಂದಹಾಸ ಕಂಡಿರಬೇಕು. ಮಗಳು ತಕ್ಷಣ ಹೇಳಿದಳು: "ಅಮ್ಮ, ಸೀಟು 102 ಇದೆ. ಸೊಂಟವನ್ನ ಅದರಿಂದ ಭಾಗಿಸಿದ್ರೆ 0.84. ಹೆಂಗಸರಿಗೆ 0.85ರ ತನಕ ಪರವಾಗಿಲ್ಲ. ಅಪ್ಪಂದು ಗಂಡಸರಿಗೆ 0.90 ಇರೋ ಕಡೆ 1.02."

ಅಂದರೆ ನನ್ನ ಸೊಂಟ ನನ್ನ ಸೀಟಿಗಿಂತ ದೊಡ್ಡದು. ಬೆಲ್ಟಿಲ್ಲದೆ ಪ್ಯಾಂಟು ನಿಲ್ಲದಿರುವುದರ ವೈಜ್ಞಾನಿಕ ಕಾರಣ ಅಂದು ಗೊತ್ತಾಯಿತು.

ಅಲ್ಲಿಂದ ನಮ್ಮ ಮನೆಯಲ್ಲಿ ಅಳತೆಗಳ ಯುದ್ಧ ಶುರು. ನಾನು ಬಿಎಂಐ ಬಣ, ಹೆಂಡತಿ ಸೊಂಟ-ಸೀಟು ಬಣ. ನನ್ನ ಕಡೆ ಕೆಟಲೆ ಇದ್ದರೆ ಅವಳ ಕಡೆ ಡಾ. ಸಲೀಂ ಯೂಸುಫ್ ನಿಂತರು. ಕೇರಳದವರು, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಕೆನಡಾಕ್ಕೆ ಹೋದವರು. ಅವರ ಮುಂದಾಳತ್ವದ 'ಇಂಟರ್‌ಹಾರ್ಟ್' ಅಧ್ಯಯನ 52 ದೇಶಗಳ ಸುಮಾರು 27 ಸಾವಿರ ಜನರನ್ನು ಅಳೆದು, ಹೃದಯಾಘಾತದ ಸುಳಿವು ಕೊಡುವುದರಲ್ಲಿ ಬಿಎಂಐಗಿಂತ ಸೊಂಟ-ಸೀಟು ಅನುಪಾತವೇ ಮೇಲು ಎಂದು 2005ರಲ್ಲಿ ಹೇಳಿತು. "ನಮ್ಮ ಬೆಂಗಳೂರಲ್ಲಿ ಓದಿದ ಡಾಕ್ಟರು ಹೇಳಿರೋದು ರೀ. ನಿಮ್ಮ ಬೆಲ್ಜಿಯಂ ಜೋಯಿಸರನ್ನ ಪಕ್ಕಕ್ಕಿಡಿ" ಎಂದಳು.

"ಅಮ್ಮ, ಪೂರ್ತಿ ಕೇಳು" ಎಂದಳು ಮಗಳು. "ಸೀಟಲ್ಲಿರೋ ಕೊಬ್ಬು ಅಷ್ಟು ಅಪಾಯ ಅಲ್ಲ, ಒಂದು ಲೆಕ್ಕದಲ್ಲಿ ಒಳ್ಳೇದೇ. ಆದ್ರೆ ಸೊಂಟ ಬೆಳೆದ ಹಾಗೆ ಸೀಟೂ ಬೆಳೆದ್ರೆ ಭಾಗಾಕಾರ ಅಲ್ಲೇ ನಿಂತಿರತ್ತೆ. ಇನ್ನು ಮುಟ್ಟು ನಿಂತ್ಮೇಲೆ ಈಸ್ಟ್ರೋಜನ್ ಕಮ್ಮಿಯಾಗಿ, ಕೊಬ್ಬು ತೊಡೆ ಬಿಟ್ಟು ಹೊಟ್ಟೆ ಕಡೆಗೆ ಬರತ್ತೆ. ಈಗ 0.84 ಇರೋದು ಹಾಗೇ ಇರಲ್ಲ." ದೇಶದ ಹೆಂಗಸರ ಕಥೆಯೂ ಬೇರೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ ಟೇಪು ಹಿಡಿದು ಮನೆಮನೆಗೆ ಹೋದಾಗ, ಈ ಅನುಪಾತದಲ್ಲಿ ಗೆರೆ ಮುಟ್ಟಿದ ಹೆಂಗಸರು ನೂರಕ್ಕೆ 57, ಗಂಡಸರು 48.

ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ ಎಂದು ಮೊದಲು ಒತ್ತಿ ಹೇಳಿದವರು ಫ್ರಾನ್ಸಿನ ಮಾರ್ಸೇಯ ವೈದ್ಯ ಜಾನ್ ವಾಗ್, 1947ರಲ್ಲಿ. ಹೊಟ್ಟೆಯ ಸುತ್ತ ತುಂಬಿಕೊಳ್ಳುವ ಗಂಡಸಿನ ಮಾದರಿ ಒಂದು, ತೊಡೆ-ಸೀಟಿನಲ್ಲಿ ತುಂಬಿಕೊಳ್ಳುವ ಹೆಂಗಸಿನ ಮಾದರಿ ಇನ್ನೊಂದು. ಮೊದಲನೆಯದಕ್ಕೇ ಸಕ್ಕರೆ ಕಾಯಿಲೆ ಹೆಚ್ಚು ಅಂಟಿಕೊಳ್ಳುತ್ತದೆ ಎಂದು ಅವರು ಕಂಡರು. ಈಗಿನವರು ಸುಲಭಕ್ಕೆ ಸೇಬು, ಮರಸೇಬು ಎನ್ನುತ್ತಾರೆ. ಮಗಳು ಇದನ್ನು ವಿವರಿಸುವಾಗ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. "ಸೇಬೂ ಅಲ್ಲ, ಮರಸೇಬೂ ಅಲ್ಲ ಪುಟ್ಟಿ. ನಮ್ಮ ನೆಲದಲ್ಲಿ ಅವೆರಡೂ ಬೆಳೆಯಲ್ಲ. ನಿಮ್ಮಪ್ಪ ಹಲಸು" ಎಂದರು. ಆಡಳಿತ ಪಕ್ಷ ಬೆಂಬಲ ವಾಪಸು ತೆಗೆದುಕೊಂಡಿತ್ತು.

ನಾನು ಕೊನೆಯ ಆಸೆಯಾಗಿ ಅಮೆರಿಕಕ್ಕೆ ಮೇಲ್ಮನವಿ ಸಲ್ಲಿಸಿದೆ. ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದ ಹೇಳಿದ್ದ, ಅಲ್ಲಿ ಗಂಡಸರಿಗೆ 102 ಸೆಂಟಿಮೀಟರಿನ ತನಕ ರಿಯಾಯಿತಿ ಇದೆಯೆಂದು. ನಿಜವೇ, 2001ರ ಅಮೆರಿಕದ ನಿಯಮದಲ್ಲಿ ಗಂಡಸರಿಗೆ 102, ಹೆಂಗಸರಿಗೆ 88. ಆ ಲೆಕ್ಕದಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಪಾಸು. ಪಾಸ್‌ಪೋರ್ಟ್ ಮಾಡಿಸುವ ಮಾತೂ ಬಂತು. ಮಗಳು ಒಪ್ಪಲಿಲ್ಲ. "2005ರಲ್ಲಿ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ ದಕ್ಷಿಣ ಏಷ್ಯಾದವರಿಗೆ 90, 80 ಅಂತ ಬೇರೆ ಗೆರೆ ಎಳೆದಿದೆ. ಯಾವ ದೇಶದಲ್ಲಿದ್ರೂ ಮೂಲ ಇಲ್ಲೀದೇ ಆದ್ರೆ ಇದೇ ಗೆರೆ. ಮಾವನಿಗೂ ಇದೇ." ಗ್ರೀನ್ ಕಾರ್ಡು ಹೊಟ್ಟೆಗೆ ಅನ್ವಯಿಸುವುದಿಲ್ಲ ಎಂಬ ಸುದ್ದಿಯನ್ನು ಭಾವಮೈದನಿಗೆ ಅಂದೇ ರಾತ್ರಿ ವಿಡಿಯೋ ಕಾಲಿನಲ್ಲಿ ತಿಳಿಸಿದೆ. ಅವನು ಕ್ಯಾಮೆರಾ ಕತ್ತಿನ ಮೇಲಕ್ಕೆ ಎತ್ತಿದ. ಕತ್ತಿನ ಸುತ್ತಳತೆಯಲ್ಲೂ ಇದರ ಸುಳಿವು ಸಿಗುತ್ತದೆ ಎನ್ನುವ ಅಧ್ಯಯನಗಳಿವೆ ಎಂದು ಮಗಳು ಹಿಂದಿನಿಂದ ಹೇಳಿದ್ದೇ ತಡ, ನೆಟ್‌ವರ್ಕ್ ಹೋಯಿತು.

ನಮಗೇ ಏಕೆ ಈ ಬಿಗಿ? ಇದಕ್ಕೆ ಉತ್ತರ ಒಂದು ಫೋಟೋದಲ್ಲಿದೆ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳು ಅಕ್ಕಪಕ್ಕ ನಿಂತು ಫೋಟೋ ಹಾಕಿಸಿಕೊಂಡರು: ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ 22.3. ಮೈಯಲ್ಲಿರುವ ಕೊಬ್ಬು ಅಳೆದರೆ ಯುಡ್ಕಿನ್‌ಗೆ ನೂರಕ್ಕೆ 9.1, ನಮ್ಮ ಯಾಜ್ಞಿಕರಿಗೆ 21.2. ಬಿಎಂಐ ಸಮ, ಸರಕು ಬೇರೆ. ಕೈಕಾಲು ಸಣ್ಣ, ಸ್ನಾಯು ಕಮ್ಮಿ, ನಡುವಿನಲ್ಲಿ ದಾಸ್ತಾನು. 22.8ರ ಸರ್ಟಿಫಿಕೇಟು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತೋರಿಸುತ್ತಿದ್ದ ನನ್ನಂಥ ಕಡ್ಡಿಕಾಲಿನ ಬೊಜ್ಜುಗಾರರ ಮರ್ಯಾದೆಯನ್ನು ಈ ಮಹನೀಯರು ಜಗಜ್ಜಾಹೀರು ಮಾಡಿಬಿಟ್ಟರು.

ಅಳತೆ ಮುಗಿದ ಮೇಲೆ ರಕ್ತ. ಮೆಟಬಾಲಿಕ್ ಸಿಂಡ್ರೋಮ್ ಎಂಬುದು ಒಂಟಿ ಕಾಯಿಲೆಯಲ್ಲ, ಜೊತೆಯಾಗಿ ಓಡಾಡುವ ಐದು ಕಿಡಿಗೇಡಿಗಳ ಗುಂಪು. ಸೊಂಟ ಗೆರೆ ದಾಟಿರುವುದು. ಟ್ರೈಗ್ಲಿಸರೈಡ್ 150 ಅಥವಾ ಮೇಲೆ. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಮ್ಮಿ. ಬಿಪಿ ಮೇಲಿನದು 130 ಅಥವಾ ಕೆಳಗಿನದು 85 ಮುಟ್ಟಿರುವುದು. ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ. ಈ ಐದರಲ್ಲಿ ಯಾವುದೇ ಮೂರು ಸೇರಿದರೆ ಕೋರಂ ಆಯಿತು. 1988ರಲ್ಲಿ ಸ್ಟ್ಯಾನ್‌ಫರ್ಡಿನ ಜೆರಾಲ್ಡ್ ರೀವನ್ ಇದನ್ನು 'ಸಿಂಡ್ರೋಮ್ ಎಕ್ಸ್' ಎಂದು ಕರೆದಾಗ ಅವರ ಪಟ್ಟಿಯಲ್ಲಿ ಬೊಜ್ಜು ಇರಲೇ ಇಲ್ಲ. ಆ ಕಾಲದಲ್ಲೇ ನನ್ನನ್ನು ಪರೀಕ್ಷೆ ಮಾಡಿಸಿಬಿಟ್ಟಿದ್ದರೆ ಒಂದು ಅಂಕವಾದರೂ ಉಳಿಯುತ್ತಿತ್ತು.

ನನ್ನ ವರದಿ: ಟ್ರೈಗ್ಲಿಸರೈಡ್ 190, ಎಚ್‌ಡಿಎಲ್ 38, ಸಕ್ಕರೆ 104, ಬಿಪಿ 128/82. ಸೊಂಟವೂ ಸೇರಿ ಐದಕ್ಕೆ ನಾಲ್ಕು. ಎಸ್ಸೆಸ್ಸೆಲ್ಸಿಯಿಂದ ಈಚೆಗೆ ನಾನು ನೂರಕ್ಕೆ ಎಂಬತ್ತು ತೆಗೆದದ್ದು ಇದೇ ಮೊದಲು. ಹೆಂಡತಿಯದು ಟ್ರೈಗ್ಲಿಸರೈಡ್ 140, ಸಕ್ಕರೆ 96, ಎರಡೂ ಚೊಕ್ಕ. ಎಚ್‌ಡಿಎಲ್ 46, ಬಿಪಿ 134/84. ಸೊಂಟ ಸೇರಿ ಮೂರು. ಅವಳಿಗೆ ಸಿಟ್ಟು ಬಂದದ್ದು ಎಚ್‌ಡಿಎಲ್ ಮೇಲೆ. "46 ಅಂದ್ರೆ ಗಂಡಸರಿಗೆ ಪಾಸು, ನಂಗೆ ಫೇಲು. ಸೊಂಟದಲ್ಲೂ ನಿಮಗೆ 90, ನಮಗೆ 80. ಇಲ್ಲೂ ಹೆಂಗಸರಿಗೇ ಬಿಗೀನಾ?" ಹೆಂಗಸರ ಮೈಯಲ್ಲಿ ಎಚ್‌ಡಿಎಲ್ ಸಹಜವಾಗಿಯೇ ಹೆಚ್ಚಿರುತ್ತದೆ, ಅದಕ್ಕೇ ಗೆರೆಯೂ ಮೇಲಿದೆ ಎಂದು ಮಗಳು ಎಷ್ಟು ಹೇಳಿದರೂ, ಇದನ್ನೆಲ್ಲ ಗೊತ್ತು ಮಾಡಿದ ಸಭೆಯಲ್ಲಿ ಗಂಡಸರೇ ಕೂತಿದ್ದರು ಎಂಬ ಅವಳ ಅನುಮಾನ ಹೋಗಿಲ್ಲ.

ಸೊಂಟಕ್ಕೂ ರಕ್ತಕ್ಕೂ ಏನು ಸಂಬಂಧ ಎಂದು ನಾನೂ ಕೇಳಿದೆ. ಚಿವುಟಿದರೆ ಕೈಗೆ ಸಿಗುವ ಚರ್ಮದಡಿಯ ಕೊಬ್ಬು ಅಷ್ಟು ಕಾಟ ಕೊಡುವುದಿಲ್ಲ. ಹೊಟ್ಟೆಯ ಸ್ನಾಯುವಿನ ಒಳಗೆ, ಕರುಳಿನ ಸುತ್ತ ಅಡಗಿ ಕೂತಿರುವುದೇ ನಿಜವಾದ ಕಳ್ಳ. ಅಲ್ಲಿಂದ ಹೊರಟ ಕೊಬ್ಬಿನಾಮ್ಲಗಳಲ್ಲಿ ಬಹುಪಾಲು ಕರುಳಿನ ರಕ್ತದ ಜೊತೆ ನೇರವಾಗಿ ಲಿವರಿಗೆ ಹೋಗುತ್ತವೆ. ಲಿವರು ಅದನ್ನು ತಾಳಲಾರದೆ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ, ಸ್ವಲ್ಪವನ್ನು ತನ್ನೊಳಗೇ ತುಂಬಿಕೊಳ್ಳುತ್ತದೆ, ಇನ್ಸುಲಿನ್ ಹೇಳಿದ ಮಾತು ಕೇಳುವುದನ್ನು ಬಿಡುತ್ತದೆ, ಬೇಡವೆಂದರೂ ಸಕ್ಕರೆ ಮಾಡುತ್ತಲೇ ಇರುತ್ತದೆ. ಒಳಗಿನ ಈ ಕಳ್ಳನನ್ನು ಕಣ್ಣಾರೆ ಕಾಣಲು ಸ್ಕ್ಯಾನ್ ಬೇಕು. ಅವನಿದ್ದಾನೆ ಎಂದು ಅಂದಾಜು ಹೇಳಲು ಟೇಪು ಸಾಕು.

ಈಗ ನಮ್ಮ ಮನೆಯ ಅಡುಗೆಮನೆ ಮಗಳ ಕೈಯಲ್ಲಿದೆ. ಅವಳು ಕಾಲೇಜಿಗೆ ವಾಪಸು ಹೋಗಿದ್ದರೂ ಫೋನಿನಲ್ಲೇ ದರ್ಬಾರು. ಅನ್ನದ ಗುಡ್ಡ ಕರಗಿ ದಿಬ್ಬವಾಗಿದೆ, ಪಲ್ಯ ಗುಡ್ಡವಾಗಿದೆ. ಸಂಜೆಯ ಕೋಡುಬಳೆ ಡಬ್ಬಿಗೆ ಕಡಲೆಕಾಳು ಉಸಲಿ ಬಂದಿದೆ. ಬೆಳಗಿನ ಕೆರೆ ಸುತ್ತಾಟ ಮುಗಿದ ಮೇಲೆ ದರ್ಶಿನಿಯ ದಿಕ್ಕಿಗೆ ತಿರುಗದಂತೆ ಹೆಂಡತಿ ನನ್ನ ಜೊತೆಗೇ ಬರುತ್ತಾಳೆ. ಅವಳು ದರ್ಶಿನಿಯ ದಿಕ್ಕಿಗೆ ತಿರುಗದಂತೆ ನಾನು ಅವಳ ಜೊತೆಗೆ ಹೋಗುತ್ತೇನೆ. ನನ್ನ ತೂಕ ಒಂದು ಕಿಲೋ ಇಳಿದಿದ್ದರೆ ಹೆಚ್ಚು. ಸೊಂಟ ಮಾತ್ರ 93ಕ್ಕೆ ಬಂದಿದೆ. ತೂಕ ಅಷ್ಟಾಗಿ ಇಳಿಯದಿದ್ದರೂ ನಡೆದಾಟಕ್ಕೆ ಒಳಗೊಬ್ಬು ಕರಗಬಲ್ಲದು ಎಂಬುದಕ್ಕೆ ನಾನೇ ಸಾಕ್ಷಿ. ಅವಳ ಬಿಪಿ 126ಕ್ಕೆ ಇಳಿದಿದೆ. ನನ್ನಿಂದಾಗಿ ಏರಿದ್ದು ಎಂದು ಇಷ್ಟು ದಿನ ಹೇಳುತ್ತಿದ್ದಳು. ಇಳಿದದ್ದು ಯಾರಿಂದ ಎಂದು ಹೇಳುತ್ತಿಲ್ಲ. ಅಮ್ಮನನ್ನೂ ಅಳೆದೆವು: ಎತ್ತರ 150, ಸೊಂಟ 72. ಎಲ್ಲ ಲೆಕ್ಕದಲ್ಲೂ ಪಾಸಾದ ಮನೆಯ ಏಕೈಕ ವ್ಯಕ್ತಿ. ಆ ಫಲಿತಾಂಶ ಕೇಳಿದ ಮೇಲೆ ಅವರು ಒಬ್ಬಟ್ಟು ಮಾಡುವುದನ್ನು ನಿಲ್ಲಿಸಿಲ್ಲ, ನಮಗೆ ಕೊಡುವುದನ್ನು ನಿಲ್ಲಿಸಿದ್ದಾರೆ.

ಓದುಗ ಮಹಾಶಯರೇ, ಮಹಿಳೆಯರೇ, ನಿಮ್ಮ ಮನೆಯಲ್ಲಿ ಮೆಡಿಕಲ್ ಓದುವವರು ಇಲ್ಲದಿರಬಹುದು, ಟೇಪೂ ಇಲ್ಲದಿರಬಹುದು. ದಾರವಂತೂ ಇದ್ದೇ ಇರುತ್ತದೆ. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಸರಿಯಾಗಿ ಅರ್ಧಕ್ಕೆ ಮಡಚಿ, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ. ಉಸಿರು ಬಿಡಿ, ಪ್ರಾಮಾಣಿಕವಾಗಿ ಬಿಡಿ. ತುದಿಗಳು ಸೇರಿದರೆ ಸಂತೋಷ, ಒಂದು ಹೋಳಿಗೆ ತಿನ್ನಿ. ಸೇರದಿದ್ದರೆ ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು, ಬಿಪಿ ನೋಡಿಸಿಕೊಂಡು ಬನ್ನಿ. ಏನೇ ಆದರೂ, ಸಾಲದೆ ಬಂದ ದಾರಕ್ಕೆ ಇನ್ನೊಂದು ದಾರ ಮಾತ್ರ ಗಂಟು ಹಾಕಬೇಡಿ.